ಬಿಸಿಲು ಎಲ್ಲರದು, ವಿದ್ಯುತ್ತು ಯಾರದು?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಸಂಘದ ಸದಸ್ಯರೂ, ವಿದ್ಯುತ್ ಉಪಕೇಂದ್ರದ ನಿವೃತ್ತ ನೌಕರರೂ ಆದವರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ "ದೇಶದ ಇಂಧನದ ಅಗತ್ಯ ಮತ್ತು ನವೀಕರಿಸಬಹುದಾದ ಇಂಧನ ಮೂಲಗಳು" ಎಂದು. ವಿಷಯ ದೊಡ್ಡದು, ಮಾತಾಡುವವನು ಚಿಕ್ಕವನು. ನಾನು ವಿಜ್ಞಾನಿಯಲ್ಲ. ಮೂವತ್ತೆರಡು ವರ್ಷ ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ಚು ಹಾಕಿ ತೆಗೆದು ಮಾಡಿದವನು. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ. ತಪ್ಪಿದ್ದರೆ ತಿದ್ದಬೇಕು.

ಮೊದಲು ಒಂದು ಸಂಗತಿ. 1905ನೇ ಇಸವಿಯಲ್ಲಿ ನಮ್ಮ ನಾಡಿನಲ್ಲಿ ಎರಡು ದೀಪ ಹೊತ್ತಿಕೊಂಡವು. ಒಂದು, ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ, ದೇಶಕ್ಕೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಇನ್ನೊಂದು, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ಹೊತ್ತಿದ ವಿದ್ಯುತ್ ದೀಪ. ಒಂದು ದೀಪ ಹಳ್ಳಿಯದು, ಒಂದು ಪಟ್ಟಣದ್ದು. ಈ ಎರಡು ದೀಪಗಳು ಇಲ್ಲಿಯ ತನಕ ಬೇರೆ ಬೇರೆಯಾಗಿಯೇ ಉರಿಯುತ್ತಾ ಬಂದಿವೆ. ಇವೆರಡನ್ನೂ ಒಂದುಗೂಡಿಸುವ ಕಾಲ ಬಂದಿದೆ ಎಂಬುದೇ ನನ್ನ ಇವತ್ತಿನ ಮಾತಿನ ಸಾರ.

ಕರೆಂಟು ಎಲ್ಲಿಂದ ಬರುತ್ತದೆ?

ನಮ್ಮಲ್ಲಿ ಯಾರನ್ನಾದರೂ "ಕರೆಂಟು ಎಲ್ಲಿಂದ ಬರ್ತದಪ್ಪ?" ಅಂತ ಕೇಳಿದರೆ "ಕಂಬದಿಂದ" ಅಂತಾರೆ. ಕಂಬಕ್ಕೆ ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ದಾರಿಯಲ್ಲಿದ್ದ ಹಳ್ಳಿಗಳ ಮೇಲೆ ತಂತಿ ಹಾದುಹೋಯಿತು, ಹಳ್ಳಿಗೆ ಬೆಳಕು ಬರಲಿಲ್ಲ. ಆಮೇಲೆ 1948ರಲ್ಲಿ ಜೋಗ, 1964ರಲ್ಲಿ ಲಿಂಗನಮಕ್ಕಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಾಡಿಗೆಲ್ಲ ಬೆಳಕಾಯಿತು, ನಿಜ. ಆದರೆ ಆ ನೀರಿನ ಅಡಿಯಲ್ಲಿ ಮುಳುಗಿದ್ದು ಮಲೆನಾಡಿನ ಊರುಗಳು, ಗದ್ದೆ, ತೋಟ, ದೇವಸ್ಥಾನಗಳು. ಅಲ್ಲಿಂದ ಎದ್ದು ಬಂದವರ ಮೊಮ್ಮಕ್ಕಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. 1985ರಿಂದ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಬಂತು, ಇವತ್ತು ಅದು 1720 ಮೆಗಾವಾಟ್. ಅದಕ್ಕೆ ದಿನಾ ರೈಲುಗಟ್ಟಲೆ ಕಲ್ಲಿದ್ದಲು ಹೊರರಾಜ್ಯದಿಂದ ಬರಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಕಲ್ಲಿದ್ದಲು ಉರಿಯುತ್ತದೆ. ಬೂದಿ ಅಲ್ಲಿಯವರಿಗೆ, ಬೆಳಕು ನಮಗೆ.

ಹೀಗೆ ನಾವು ಒತ್ತುವ ಒಂದೊಂದು ಸ್ವಿಚ್ಚಿನ ಹಿಂದೆಯೂ ಯಾರೋ ಏನೋ ಕಳೆದುಕೊಂಡಿದ್ದಾರೆ. ಇದನ್ನು ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಲೆಕ್ಕ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಇಷ್ಟೆಲ್ಲ ಆದ ಮೇಲೂ ನಮ್ಮ ಪಂಪ್‌ಸೆಟ್ಟಿಗೆ ಮೂರು ಫೇಸ್ ಸಿಗುವುದು ಪಾಳಿಯ ಮೇಲೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬದೆ ಹೋದಾಗ ಏಳು ಗಂಟೆ ಇದ್ದದ್ದು ಐದಕ್ಕೆ ಇಳಿದಿತ್ತು. ಪಾಳಿ ಅಂದಮೇಲೆ ರಾತ್ರಿಯೂ ಬರಬೇಕು. ಪಟ್ಟಣದವರು ದೀಪ ಆರಿಸಿ ಮಲಗಿದ ಮೇಲೆ ಉಳಿಯುವ ಕರೆಂಟು ರೈತನಿಗೆ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ನನಗಿಂತ ಸಣ್ಣವನು, ಒಂದು ರಾತ್ರಿ ಮೋಟಾರು ಹಾಕಲು ತೋಟಕ್ಕೆ ಹೋದ. ಸ್ಟಾರ್ಟರ್ ಪೆಟ್ಟಿಗೆಯ ಬುಡದಲ್ಲಿ ಹಾವಿತ್ತು. ಬೆಳಗಾಗುವ ತನಕ ಯಾರಿಗೂ ಗೊತ್ತಾಗಲಿಲ್ಲ. ಆ ರಾತ್ರಿ ಸಬ್‌ಸ್ಟೇಷನ್ನಿನಲ್ಲಿ ಡ್ಯೂಟಿ ನನ್ನದು. ಹನ್ನೆರಡು ಗಂಟೆಗೆ ನಮ್ಮೂರಿನ ಫೀಡರಿಗೆ ಮೂರು ಫೇಸ್ ಕೊಟ್ಟವನು ನಾನೇ. ತಪ್ಪು ನನ್ನದಲ್ಲ, ಪಾಳಿಯ ಪಟ್ಟಿಯಲ್ಲಿ ಇದ್ದಂತೆ ಮಾಡಿದೆ ಅಂತ ಎಲ್ಲರೂ ಸಮಾಧಾನ ಹೇಳಿದರು. ಇರಬಹುದು. ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಬಿಸಿಲು ಬೀಳುವುದು ಹಗಲು, ಬೆಳೆಗೆ ನೀರು ಬೇಕಾದದ್ದು ಹಗಲು, ರೈತ ಎಚ್ಚರ ಇರುವುದು ಹಗಲು. ಹಾಗಿದ್ದ ಮೇಲೆ ಕರೆಂಟು ಯಾಕೆ ರಾತ್ರಿ?

ಕ್ಯಾನಿನ ಅಳತೆ ಬೇರೆ, ಹಾಲಿನ ಅಳತೆ ಬೇರೆ

ದೇಶದ ಮಟ್ಟದಲ್ಲಿ ಕೆಲಸ ನಡೆದೇ ಇಲ್ಲ ಎಂದು ಹೇಳಲಾಗದು. 2030ರ ಹೊತ್ತಿಗೆ ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳಿಂದ ಐದು ಲಕ್ಷ ಮೆಗಾವಾಟ್ ಸಾಮರ್ಥ್ಯ ಆಗಬೇಕೆಂಬ ಗುರಿಯನ್ನು 2021ರಲ್ಲಿ ಇಟ್ಟುಕೊಂಡರು. 2025ರ ಜನವರಿಯಲ್ಲಿ ಸೌರಶಕ್ತಿಯೊಂದೇ ಒಂದು ಲಕ್ಷ ಮೆಗಾವಾಟ್ ದಾಟಿತು. ಅದೇ ವರ್ಷ ಜೂನ್ ಕೊನೆಗೆ ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಇಂಥ ಮೂಲಗಳದ್ದಾಯಿತು. ಬಿಸಿಲು, ಗಾಳಿ, ನೀರು, ಜೈವಿಕ ಇಂಧನ, ಜತೆಗೆ ಅಣುಶಕ್ತಿ ಎಲ್ಲ ಸೇರಿ ಈ ಲೆಕ್ಕ.

ಇದನ್ನು ಪತ್ರಿಕೆಯಲ್ಲಿ ಓದಿದವರು "ಹಾಗಾದರೆ ಅರ್ಧ ಕರೆಂಟು ಬಿಸಿಲು ಗಾಳಿಯಿಂದಲೇ ಬರ್ತಿದೆಯಲ್ಲ" ಅಂತ ತಿಳಿಯುತ್ತಾರೆ. ಹಾಗಲ್ಲ. ಹಾಲು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಲವತ್ತು ಲೀಟರಿನ ಕ್ಯಾನು ಮನೆಯಲ್ಲಿದೆ ಎಂದರೆ ನಲವತ್ತು ಲೀಟರ್ ಹಾಲು ಇದೆ ಎಂದಲ್ಲ. ಸೌರ ಫಲಕಕ್ಕೆ ರಾತ್ರಿ ಕೆಲಸವಿಲ್ಲ, ಮೋಡದ ದಿನ ಅರೆಕೆಲಸ. ಒಂದು ಕಿಲೋವಾಟ್ ಫಲಕ ಹಾಕಿದರೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ, ಅಷ್ಟೆ. ಆದ್ದರಿಂದ ಸಾಮರ್ಥ್ಯದಲ್ಲಿ ಅರ್ಧ ಆದರೂ 2024-25ರಲ್ಲಿ ಉತ್ಪಾದನೆಯಾದ ಕರೆಂಟಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಕಲ್ಲಿದ್ದಲಿನದೇ. ಕಚ್ಚಾ ತೈಲದಲ್ಲಂತೂ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಹಾದಿ ಇನ್ನೂ ಬಹಳ ಇದೆ.

ಸಂಜೆ ಆರರಿಂದ ಹತ್ತರ ತನಕ ಎಲ್ಲರ ಮನೆಯಲ್ಲೂ ದೀಪ, ಟಿ.ವಿ., ಮಿಕ್ಸಿ. ಆ ಹೊತ್ತಿಗೆ ಸೂರ್ಯ ಇಲ್ಲ. ಏನು ಮಾಡಬೇಕು? ಮಳೆಗಾಲದಲ್ಲಿ ಚಿತ್ರದುರ್ಗದ ಗುಡ್ಡ, ಗದಗಿನ ಕಪ್ಪತಗುಡ್ಡದ ಕಡೆ ಗಾಳಿ ಜೋರು. ಬೇಸಿಗೆಯಲ್ಲಿ ಬಿಸಿಲು ಜೋರು. ಜಲಾಶಯದ ನೀರು ನಮ್ಮ ಉಳಿತಾಯ ಖಾತೆ ಇದ್ದ ಹಾಗೆ. ಹಗಲು ಬಿಸಿಲಿನ ಕರೆಂಟು ಬಳಸಿ, ನೀರನ್ನು ಹಿಡಿದಿಟ್ಟು ಸಂಜೆಗೆ ಬಿಟ್ಟರೆ ಒಂದಕ್ಕೊಂದು ಆಸರೆ. ಬ್ಯಾಟರಿಗಳೂ ಬರುತ್ತಿವೆ. ಆದರೆ ಬಿಸಿಲು ಬಂದಾಗಲೇ ಮಾಡಬಹುದಾದ ಕೆಲಸವನ್ನು ಬಿಸಿಲಿನಲ್ಲೇ ಮಾಡಿ ಮುಗಿಸುವುದು ಎಲ್ಲಕ್ಕಿಂತ ಅಗ್ಗ. ಪಂಪ್‌ಸೆಟ್ಟು ಅಂಥ ಕೆಲಸ. ನೀರನ್ನು ಹಗಲೇ ಎತ್ತಿ ಹೊಂಡಕ್ಕೋ ಹೊಲಕ್ಕೋ ಬಿಟ್ಟರಾಯಿತು, ಅದಕ್ಕೆ ಬ್ಯಾಟರಿ ಬೇಡ. ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರ ಘಟಕ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲು ಕರೆಂಟು ಕೊಡುವ ಉದ್ದೇಶ 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ಇದೆ. ನನ್ನ ಪ್ರಶ್ನೆಗೆ ಉತ್ತರ ಬರುವುದಾದರೆ ಈ ದಾರಿಯಲ್ಲೇ ಬರಬೇಕು.

ಚದುರಿದ್ದನ್ನು ಕೂಡಿಸುವುದೇ ಸಹಕಾರ

ಕಲ್ಲಿದ್ದಲು ಒಂದು ಗಣಿಯಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ತೆಗೆಯಲು ದೊಡ್ಡ ಬಂಡವಾಳ, ದೊಡ್ಡ ಕಂಪನಿ ಬೇಕು. ಬಿಸಿಲು ಹಾಗಲ್ಲ. ಎಲ್ಲರ ಮಾಡಿನ ಮೇಲೂ ಸ್ವಲ್ಪ ಸ್ವಲ್ಪ ಬೀಳುತ್ತದೆ. ಸಗಣಿ ಎಲ್ಲರ ಕೊಟ್ಟಿಗೆಯಲ್ಲೂ ಒಂದೊಂದು ಪುಟ್ಟಿ. ಹೀಗೆ ಚದುರಿದ ವಸ್ತುವಿನಿಂದ ಏನಾದೀತು ಎಂದು ಕೇಳುವವರುಂಟು. 2000ದಲ್ಲಿ ನಮ್ಮ ಸಂಘ ಶುರುವಾದಾಗಲೂ ಇದೇ ಮಾತು. "ಅರ್ಧ ಲೀಟರ್, ಒಂದು ಲೀಟರ್ ಹಾಲು ಕೂಡಿಸಿ ಏನು ಡೈರಿ ಮಾಡ್ತೀರಿ?" ಅಂದವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. (ನಗು.) ಮೊದಲ ದಿನ ಎರಡು ಕ್ಯಾನು ತುಂಬಲಿಲ್ಲ. ಇವತ್ತು ಶೀತಲೀಕರಣ ಘಟಕ ಇದೆ, ಸ್ವಂತ ಕಟ್ಟಡ ಇದೆ.

ಇಂಧನದಲ್ಲೂ ಇದು ಹೊಸದಲ್ಲ. ನಮ್ಮ ತುಮಕೂರು ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ನಡೆದದ್ದನ್ನು ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕುಮಾರ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದರು. ನಮ್ಮ ತಾಯಂದಿರು ಅಸ್ತ್ರ ಒಲೆ ಅಂತಾರಲ್ಲ, ಹೊಗೆ ಕಡಿಮೆ ಮಾಡಿದ ಒಲೆ, ಅದು ಅಲ್ಲಿಯದೇ. ಅವರು ಪುರದಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲ ಆಲೋಚನೆ ಅಡುಗೆಗೆ ಗ್ಯಾಸ್ ಕೊಡುವುದು. ಆದರೆ ಊರಿನ ದನಗಳ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ. ಆಗ ಊರವರನ್ನೇ ಕೂರಿಸಿ ಕೇಳಿದರು. ಅವರು ಅಂದದ್ದು, ಮೊದಲು ಕುಡಿಯುವ ನೀರು, ಆಮೇಲೆ ದೀಪ. 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕೊಳವೆ ಬಾವಿಯ ನೀರು ನಲ್ಲಿಗೆ ಬಂತು, ಮನೆಗೆ ದೀಪ ಬಂತು. ಸಗಣಿ ತಂದು ಕೊಟ್ಟವರಿಗೆ ತೂಕ ಮಾಡಿ ಹಣ, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ಅವರವರ ಪಾಲಿಗೆ ವಾಪಸ್ಸು. ನಮ್ಮ ಹಾಲಿನ ಪುಸ್ತಕದ ಹಾಗೆಯೇ ಅಲ್ವೆ? ಅದರ ಪಾಠ ಇಷ್ಟೇ. ಯಂತ್ರ ತರುವ ಮುಂಚೆ ಊರಿಗೆ ಏನು ಬೇಕು ಅಂತ ಊರನ್ನು ಕೇಳಬೇಕು.

ಯಜಮಾನ ಯಾರು?

ಇನ್ನು ನಮ್ಮ ಜಿಲ್ಲೆಯದೇ ದೊಡ್ಡ ಉದಾಹರಣೆ ಪಾವಗಡ. ಮಳೆಯಿಲ್ಲದೆ ಶೇಂಗಾ ಕೈಕೊಡುತ್ತಿದ್ದ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ಪಾರ್ಕ್ ಆಗಿದೆ. 2019ರ ಕೊನೆಗೆ ಪೂರ್ತಿಯಾಯಿತು. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ಬರದಲ್ಲಿ ಬೆಂದವರಿಗೆ ಇದು ಸಣ್ಣ ಮಾತಲ್ಲ, ಒಪ್ಪಬೇಕು.

ಆದರೆ ಇನ್ನೊಂದು ಕಡೆ ನೋಡಿ. ಎಕರೆ ಇದ್ದವನಿಗೆ ಗುತ್ತಿಗೆ ಹಣ. ಆ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದ ಕೂಲಿಯವಳಿಗೆ? ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ? ಅವರಿಗೆ ಪಹಣಿಯೂ ಇಲ್ಲ, ಪಾಲೂ ಇಲ್ಲ. ಭೂಮಿ ಕೊಟ್ಟವನೂ ಬಾಡಿಗೆದಾರನ ಕೈಯಿಂದ ಹಣ ಎಣಿಸಿಕೊಳ್ಳುವವನೇ ಹೊರತು ವಿದ್ಯುತ್ತಿನ ಯಜಮಾನನಲ್ಲ. ಹಾಲನ್ನು ದಲ್ಲಾಳಿಗೆ ಹಾಕುತ್ತಿದ್ದ ಕಾಲ ನೆನಪಿದೆಯಲ್ಲ? ದನ ನಮ್ಮದು, ಮೇವು ನಮ್ಮದು, ದರ ಮಾತ್ರ ಅವನದು.

ಬೇರೆ ದಾರಿ ಇಲ್ಲವೆ? ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ನಡೆಯುತ್ತಿದೆ. ವಿದ್ಯುತ್ ಕೊಂಡು ಆ ತಾಲ್ಲೂಕಿನ ಹಳ್ಳಿಗಳಿಗೆ ಹಂಚುವುದು, ಕಂಬ ತಂತಿ ನೋಡಿಕೊಳ್ಳುವುದು, ಬಿಲ್ ವಸೂಲಿ ಎಲ್ಲ ಸಂಘದ್ದೇ. ರೈತರ ಸಂಘ ಕರೆಂಟಿನ ಕೆಲಸ ಮಾಡಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಐವತ್ತು ವರ್ಷ ಮೀರಿದ ಸಾಕ್ಷಿ.

ಗುಜರಾತಿನ ಖೇಡಾ ಜಿಲ್ಲೆ ನಮಗೆಲ್ಲ ಗೊತ್ತು. 1946ರಲ್ಲಿ ಅಮುಲ್ ಹುಟ್ಟಿದ ಸೀಮೆ. ಅದೇ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ಆರು ಜನ ರೈತರು ಕೂಡಿ ಸೌರ ಪಂಪಿನ ಸಹಕಾರ ಸಂಘ ಕಟ್ಟಿದರು. 2016ರಿಂದ ಅವರು ನೀರೆತ್ತಿ ಉಳಿದ ವಿದ್ಯುತ್ತನ್ನು ಗ್ರಿಡ್ಡಿಗೆ ಮಾರಲು ಶುರುಮಾಡಿದರು. ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ಇಪ್ಪತ್ತೈದು ವರ್ಷದ ಕರಾರು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಸೌರ ಪಂಪ್ ಕೊಟ್ಟರೆ ರೈತ ಬಿಸಿಲು ಇರುವಷ್ಟು ಹೊತ್ತೂ ನೀರು ಎತ್ತುತ್ತಾನೆ. ಬಿಸಿಲಿಗೆ ಬಿಲ್ ಇಲ್ಲವಲ್ಲ! ನಮ್ಮ ಕಡೆ ಸಾವಿರ ಅಡಿ ಕೊರೆದರೂ ಬರೀ ಧೂಳು ಬರುವ ಪರಿಸ್ಥಿತಿಯಲ್ಲಿ ಇದು ಕೈಯಾರೆ ತಂದುಕೊಳ್ಳುವ ನಾಶ. ಎತ್ತದೆ ಬಿಟ್ಟ ನೀರಿಗೆ ಪ್ರತಿಯಾಗಿ ವಿದ್ಯುತ್ತಿನ ಹಣ ಕೈಗೆ ಬಂದರೆ ರೈತ ತಾನಾಗಿಯೇ ಮೋಟಾರು ನಿಲ್ಲಿಸುತ್ತಾನೆ. ಕಾನೂನಿನಿಂದ ಆಗದ್ದು ಲೆಕ್ಕದಿಂದ ಆಗುತ್ತದೆ.

ನಮ್ಮ ಸಂಘ ಏನು ಮಾಡಬಹುದು?

ಭಾಷಣ ಮಾಡುವುದು ಸುಲಭ. ಕೈಗೆ ಎಟುಕುವ ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಲೆಕ್ಕ. ನಮ್ಮ ಶೀತಲೀಕರಣ ಘಟಕಕ್ಕೆ ತಿಂಗಳಿಗೆ ಎಷ್ಟು ಯೂನಿಟ್ ಕರೆಂಟು, ಎಷ್ಟು ಲೀಟರ್ ಡೀಸೆಲ್ ಅಂತ ಒಂದು ವರ್ಷ ಬರೆದಿಡಬೇಕು. ಒಂದು ಲೀಟರ್ ಡೀಸೆಲ್ ಸುಟ್ಟರೆ ಜನರೇಟರಿನಲ್ಲಿ ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್. 2025ರ ದರದಲ್ಲಿ ಯೂನಿಟ್ಟಿಗೆ ಇಪ್ಪತ್ತೈದು ರೂಪಾಯಿಗೂ ಮೇಲೆ. ಇಷ್ಟು ದುಬಾರಿ ಕರೆಂಟನ್ನು ಪಟ್ಟಣದ ಶ್ರೀಮಂತರೂ ಬಳಸುವುದಿಲ್ಲ, ನಾವು ಬಳಸುತ್ತಿದ್ದೇವೆ.

ಎರಡನೆಯದು, ಸಂಘದ ಮಾಡಿನ ಮೇಲೆ ಸೌರ ಫಲಕ. ಒಂದು ಕಿಲೋವಾಟಿಗೆ ಸುಮಾರು ನೂರು ಚದರಡಿ ಜಾಗ ಸಾಕು. ಆದರೆ ಮಾರಲು ಬರುವವರು ಹೇಳದ ಒಂದು ಮಾತನ್ನು ನಾನು ಹೇಳಬೇಕು. ಲೈನಿಗೆ ಜೋಡಿಸಿದ ಮಾಮೂಲಿ ಸೌರ ಘಟಕ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಆದ್ದರಿಂದ ಫಲಕ ಹಾಕಿದ ಮಾತ್ರಕ್ಕೆ ಜನರೇಟರ್ ಮಾರಬೇಡಿ. ನಮ್ಮ ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ, ಬಿಸಿಲು ಜೋರಿರುವುದು ಮಧ್ಯಾಹ್ನ. ಹಗಲಿನ ಕರೆಂಟಿನಲ್ಲಿ ಮಂಜುಗಡ್ಡೆ ಕಟ್ಟಿಸಿ ಸಂಜೆ ಅದರಿಂದ ಹಾಲು ತಂಪು ಮಾಡುವ ಸಾಧನಗಳಿವೆ. ತಿಳಿದವರನ್ನು ಕೇಳಿ, ನಡೆಯುತ್ತಿರುವ ಕಡೆ ಹೋಗಿ ನೋಡಿ, ಆಮೇಲೆ ನಿರ್ಧರಿಸೋಣ.

ಮೂರನೆಯದು, ಗೋಬರ್ ಗ್ಯಾಸ್. ನಾಲ್ಕೈದು ರಾಸು ಇರುವ ಮನೆಯಲ್ಲಿ ದಿನಕ್ಕೆ ಐವತ್ತು ಕಿಲೋ ಸಗಣಿ ಸಿಗುತ್ತದೆ. ಎರಡು ಘನ ಮೀಟರ್ ಘಟಕಕ್ಕೆ ಅಷ್ಟು ಸಾಕು, ಸಣ್ಣ ಸಂಸಾರದ ಅಡುಗೆ ಆಗುತ್ತದೆ, ಗೊಬ್ಬರ ಎಲ್ಲಿಯೂ ಹೋಗುವುದಿಲ್ಲ. ಹಿಂದೆ ಸಬ್ಸಿಡಿಯಲ್ಲಿ ಕಟ್ಟಿಸಿದ ಎಷ್ಟೋ ಘಟಕ ಈಗ ಕಸದ ಗುಂಡಿಯಾಗಿವೆ. ಸಗಣಿ ಇಲ್ಲದೆ ಅಲ್ಲ, ಪೈಪಿನಲ್ಲಿ ನೀರು ಕಟ್ಟಿಕೊಂಡಾಗ ಬಿಡಿಸಿಕೊಡುವವರಿಲ್ಲದೆ. ರಾಸಿಗೆ ಇಂಜೆಕ್ಷನ್ ಕೊಡುವ ಕೃತಕ ಗರ್ಭಧಾರಣೆ ಕಾರ್ಯಕರ್ತನನ್ನು ಸಂಘ ಇಟ್ಟುಕೊಂಡಿಲ್ಲವೆ? ಹಾಗೆಯೇ ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಈ ರಿಪೇರಿ ಕೆಲಸ ಕಲಿಸೋಣ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನಾಳೆ ನಮ್ಮೂರಿನ ಹೊಲವನ್ನೂ ಸೌರ ಘಟಕಕ್ಕೆ ಕೇಳಿಕೊಂಡು ಯಾರಾದರೂ ಬರಬಹುದು. ಯಾರೂ ಒಬ್ಬೊಬ್ಬರೇ ಕಾಗದಕ್ಕೆ ಸಹಿ ಹಾಕಬೇಡಿ. ಕಾಗದವನ್ನು ಸಂಘದ ಸಭೆಗೆ ತನ್ನಿ. ಎಲ್ಲರ ಎದುರಿಗೆ ಓದಿಸೋಣ. ಎಷ್ಟು ವರ್ಷ, ಎಷ್ಟು ಬಾಡಿಗೆ, ಅವಧಿ ಮುಗಿದ ಮೇಲೆ ಫಲಕ ಯಾರು ತೆಗೆಯಬೇಕು, ಭೂಮಿ ಇಲ್ಲದವರಿಗೆ ಕೆಲಸ ಏನು, ಹಗಲು ಕರೆಂಟು ನಮ್ಮ ಫೀಡರಿಗೆ ಬರುತ್ತದೋ ಇಲ್ಲವೋ, ಇಷ್ಟನ್ನೂ ಕೇಳೋಣ. ನಾವೇ ಸೇರಿ ಹಾಕಬಹುದಾದರೆ ನಾವೇ ಹಾಕೋಣ.

ಇದರ ಜತೆಗೆ ಅರವತ್ತು ವಾಟಿನ ಹಳೆ ಬಲ್ಬಿನ ಜಾಗಕ್ಕೆ ಒಂಬತ್ತು ವಾಟಿನ ಎಲ್.ಇ.ಡಿ. ಹಾಕಿದಿರಲ್ಲ, ಅದೂ ವಿದ್ಯುತ್ ಉತ್ಪಾದನೆಯೇ. ಉಳಿಸಿದ ಯೂನಿಟ್ಟಿಗೆ ಅಣೆಕಟ್ಟೂ ಬೇಡ, ಕಲ್ಲಿದ್ದಲೂ ಬೇಡ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬಂತೆಂದು ಹಗಲೂ ದೀಪ ಉರಿಸಬೇಡಿ. ನಮಗೆ ಬಿಟ್ಟಿಯಾದದ್ದಕ್ಕೆ ಎಲ್ಲೋ ಒಂದು ಕಡೆ ಯಾರೋ ಬೆಲೆ ಕೊಡುತ್ತಿರುತ್ತಾರೆ.

ಬಂಧುಗಳೆ, ನನ್ನ ತಮ್ಮನ ಮಾತು ಹೇಳಿದೆ. ಅವನ ಹೆಂಡತಿ ಎರಡು ಹಸು ಕಟ್ಟಿಕೊಂಡು, ಈ ಸಂಘಕ್ಕೆ ಹಾಲು ಹಾಕಿ, ಇಬ್ಬರು ಮಕ್ಕಳನ್ನು ಓದಿಸಿದಳು. ಈಗಲೂ ಹಾಲು ಹಾಕುತ್ತಾಳೆ, ಇವತ್ತು ಈ ಸಭೆಯಲ್ಲಿ ಕೂತಿದ್ದಾಳೆ. ಸಹಕಾರ ಏನು ಮಾಡಬಲ್ಲದು ಅಂತ ನನಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಅವಳ ದೊಡ್ಡ ಮಗ ಈಗ ಅದೇ ತೋಟ ಮಾಡುತ್ತಿದ್ದಾನೆ. ಪಾಳಿ ಬಂದ ರಾತ್ರಿ ಟಾರ್ಚ್ ಹಿಡಿದು ಅವನೂ ಹೊರಡುತ್ತಾನೆ. ಅವನು ಬರುವ ತನಕ ತಾಯಿ ಜಗಲಿ ಬಿಟ್ಟು ಏಳುವುದಿಲ್ಲ.

ನಮ್ಮ ಸಂಘ ಚಿನ್ನದ ಹಬ್ಬ ಮಾಡುವ ಹೊತ್ತಿಗೆ ನಾನು ಇರುವುದಿಲ್ಲ. ಆದರೆ ಅಷ್ಟರೊಳಗೆ ಈ ಊರಿನ ಯಾವ ಮಗನೂ ರಾತ್ರಿ ಎದ್ದು ಮೋಟಾರು ಹಾಕಲು ಹೋಗದ ಹಾಗೆ ಆಗಲಿ. ದೇಶದ ಇಂಧನ ಸಮಸ್ಯೆ ಬಗೆಹರಿಯಿತು ಅಂತ ನನಗೆ ಗೊತ್ತಾಗುವುದು ಅವತ್ತೇ.